ಮಧ್ಯಾಹ್ನ ಹಾಕಿದ ಅಂಕ

ಮೈಸೂರಿನಲ್ಲಿ ಕಳೆದ ವಾರ ನಡೆದ ಬಯಲು ಶಿಲ್ಪ ಪ್ರದರ್ಶನಕ್ಕೆ ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬಳಾಗಿದ್ದೆ. ಮಂಡ್ಯದಲ್ಲಿ ಇಪ್ಪತ್ತಾರು ವರ್ಷ ಮಕ್ಕಳಿಗೆ ಚಿತ್ರಕಲೆ ಕಲಿಸಿದವಳು ನಾನು. ಕಲ್ಲು ಕೆತ್ತಿದ್ದು ಓದುವ ಕಾಲದಲ್ಲಿ ಮಾತ್ರ. ಆದರೂ ಎಲ್ಲಾದರೂ ಉಳಿಯ ಸದ್ದು ಕೇಳಿದರೆ ಕಾಲು ತಾನಾಗಿ ಅತ್ತ ತಿರುಗುತ್ತದೆ.

ಮೊದಲ ಸುತ್ತಿನ ಆಯ್ಕೆ ಫೋಟೊ ನೋಡಿಯೇ ನಡೆಯಿತು. ಜೊತೆಗೆ ಅಳತೆ, ತೂಕ, ಪೀಠದ ವಿವರ. ಬಯಲಿನಲ್ಲಿ ನಿಲ್ಲುವ ಕೃತಿಗೆ ಇವೆಲ್ಲ ಬೇಕು. ಮಕ್ಕಳು ಹತ್ತದೆ ಬಿಡುವುದಿಲ್ಲ, ಕಬ್ಬಿಣದ ಅಂಚು ಕೈ ಕೊಯ್ಯಬಾರದು, ಮಳೆಯ ನೀರು ಒಳಗೆ ನಿಲ್ಲಬಾರದು. ಫೈಬರ್‌ಗೆ ಕಂಚಿನ ಬಣ್ಣ ಬಳಿದ ಎರಡು ಕೃತಿಗಳಿಗೆ ನಾನು ಕಡಿಮೆ ಅಂಕ ಕೊಟ್ಟೆ. ಕೆಲವು ಬೇಸಗೆ ಕಳೆಯುವುದರೊಳಗೆ ಅಂಥ ಬಣ್ಣ ಮಂಕಾಗಿ, ಮುಟ್ಟಿದರೆ ಸುಣ್ಣದಂತೆ ಕೈಗೆ ಹತ್ತುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದು ವಸ್ತು ಇನ್ನೊಂದರ ವೇಷ ಹಾಕುವುದು ನನಗೆ ಸೇರುವುದಿಲ್ಲ.

‘ನಾಟಿ’ ಎಂಬ ಕೃತಿ ಮಾತ್ರ ಫೋಟೊದಲ್ಲಿ ಬರೀ ಗುಂಡುಬಂಡೆಯಂತೆ ಕಾಣುತ್ತಿತ್ತು. ಮೊಣಕಾಲೆತ್ತರದ ಗ್ರಾನೈಟ್. “ಇದರಲ್ಲಿ ಕೆಲಸ ಎಲ್ಲಿದೆ ಮೇಡಂ?” ಎಂದರು ಹಿರಿಯ ತೀರ್ಪುಗಾರರು. ನನ್ನ ಬಳಿಯೂ ಉತ್ತರವಿರಲಿಲ್ಲ. ಹೆಸರು ನೋಡಿ, “ಇರಲಿ ಸರ್, ಕಣ್ಣಾರೆ ನೋಡೋಣ” ಎಂದೆ.

ನೋಡಿದ್ದು ಮಧ್ಯಾಹ್ನ ಹನ್ನೆರಡೂವರೆಗೆ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಕಲ್ಲು ಬೂದಿ ಬಣ್ಣಕ್ಕೆ ತಿರುಗಿ ಚಪ್ಪಟೆಯಾಗಿ ಕುಳಿತಿತ್ತು. ಹತ್ತಕ್ಕೆ ಐದು ಅಂಕ ಹಾಕಿ, ಪಟ್ಟಿಗೆ ಸಹಿ ಮಾಡಿ ಊಟಕ್ಕೆ ಹೋದೆವು.

ಸಂಜೆ ಐದೂವರೆಗೆ ಬಸ್ಸಿಗೆಂದು ಹೊರಟವಳು ಅದರ ಮುಂದೆಯೇ ಹಾಯ್ದೆ. ಅಲ್ಲಿ ಬಂಡೆ ಇರಲಿಲ್ಲ, ಬಗ್ಗಿದ ಹೆಂಗಸಿನ ಬೆನ್ನಿತ್ತು. ಬೆನ್ನಿನ ತುಂಬ ಸಾಲುಸಾಲಾಗಿ ಉಳಿಯ ಚುಕ್ಕಿಗಳು. ನಮ್ಮ ಅವ್ವ ಬೀಸುವ ಕಲ್ಲಿಗೆ ಕಕ್ಕು ಹಾಕಿಸಿದಾಗ ಕಾಣುತ್ತಿದ್ದಂಥವೇ. ಅಡ್ಡ ಬಿಸಿಲಿಗೆ ಪ್ರತಿ ಚುಕ್ಕಿಗೂ ಸಾಸಿವೆಯಷ್ಟು ನೆರಳು ಬಿದ್ದು, ಬೆವರಿಗೆ ಮೈಗಂಟಿದ ರವಿಕೆಯ ಮಡಿಕೆಗಳು ಎದ್ದಿದ್ದವು. ನಡುವೆ ಬೆನ್ನುಹುರಿಯ ಗೆರೆಯೊಂದನ್ನೇ ಉಜ್ಜಿ ಪಾಲಿಶ್ ಮಾಡಿದ್ದರು. ಅಲ್ಲಿ ಕಲ್ಲು ಕಪ್ಪಗೆ ಒದ್ದೆಯಾದಂತೆ ಹೊಳೆಯುತ್ತಿತ್ತು. ಕೈಯಿಟ್ಟೆ. ಇನ್ನೂ ಬಿಸಿಯಿತ್ತು.

ಹದಿಮೂರನೆಯ ಶತಮಾನದ ಸೋಮನಾಥಪುರದಲ್ಲಿ ಹೊಯ್ಸಳ ಶಿಲ್ಪಿ ಮಲ್ಲಿತಮ್ಮನ ಕೈಗೆ ಸಿಕ್ಕಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬರಬರುತ್ತ ಗಟ್ಟಿಯಾಗುವ ಆ ಕಲ್ಲಿನಲ್ಲಿ ಸರದ ಮಣಿಮಣಿಯನ್ನೂ ಬಿಡಿಸಬಹುದು. ಗ್ರಾನೈಟ್ ಅಷ್ಟು ಸುಲಭವಾಗಿ ಮಣಿಯುವುದಿಲ್ಲ, ಅದನ್ನು ಕಡೆಯುವವರು ಬಿಸಿಲನ್ನೂ ಕೆಲಸಕ್ಕೆ ಕರೆದುಕೊಳ್ಳಬೇಕು. ಚಾಮುಂಡಿ ಬೆಟ್ಟದಲ್ಲಿ ದೊಡ್ಡ ದೇವರಾಜ ಒಡೆಯರ (1659–1673) ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಂದಿಯನ್ನು ಬರೆಯಲು ಮಕ್ಕಳನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕರೆದೊಯ್ಯುತ್ತಿದ್ದವಳು ನಾನೇ. ಮಕ್ಕಳಿಗೆ ಹೇಳಿಕೊಟ್ಟದ್ದನ್ನು ಸಹಿ ಹಾಕುವಾಗ ಮರೆತೆ. ಇದು ನನ್ನನ್ನು ಈಗಲೂ ಕೊರೆಯುತ್ತಿದೆ.

ಬಸ್ಸು ಬಿಟ್ಟು ಒಳಗೆ ಹೋಗಿ ಅಂಕ ತಿದ್ದಲು ಕೇಳಿದೆ. ಹಿರಿಯರು ನನ್ನೊಂದಿಗೆ ಎದ್ದು ಬಂದು ಕಲ್ಲಿನ ಸುತ್ತ ಎರಡು ಸಲ ನಡೆದರು. “ಹೌದಲ್ಲ” ಎಂದರು, ಅಷ್ಟೆ. ಆದರೆ ಪಟ್ಟಿ ಆಗಲೇ ಕಚೇರಿ ಸೇರಿತ್ತು. ಮೊದಲ ಬಹುಮಾನ ಕಬ್ಬಿಣದ ಮರಕ್ಕೆ ಹೋಯಿತು. ಒಳ್ಳೆಯ ಕೆಲಸವೇ, ತಕರಾರಿಲ್ಲ. ‘ನಾಟಿ’ಗೆ ಮೆಚ್ಚುಗೆಯ ಪತ್ರ ಸಿಕ್ಕಿತು.

ಕೆತ್ತಿದ ಹುಡುಗಿಯನ್ನು ಮರುದಿನ ಕಂಡೆ. ಬೆನ್ನನ್ನು ಪಡುವಣಕ್ಕೆ ತಿರುಗಿಸಿ ಇಟ್ಟಿದ್ದು ಬೇಕೆಂದೇ ಎಂದಳು. “ನಮ್ಮ ಗದ್ದೆಯಲ್ಲಿ ನಾಟಿ ಮುಗಿಯುವುದು ಆ ಹೊತ್ತಿಗೇ ಮೇಡಂ. ಫಾರಂನಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ.”

ಆಯೋಜಕರಿಗೆ ನಿನ್ನೆ ಪತ್ರ ಬರೆದು ಹಾಕಿದ್ದೇನೆ. ಮುಂದಿನ ಸಲ ಫಾರಂನಲ್ಲಿ ‘ಯಾವ ಹೊತ್ತಿನಲ್ಲಿ ನೋಡಬೇಕು’ ಎಂಬ ಒಂದು ಸಾಲು ಇರಲಿ, ಸೂರ್ಯ ಮುಳುಗುವವರೆಗೆ ಯಾರ ಸಹಿಯನ್ನೂ ಪಡೆಯಬೇಡಿ ಎಂದು.