ಎಲ್ಲಿಸ್ ದ್ವೀಪದಲ್ಲಿ ಇಳಿಯದೆ ಬರಬೇಡಿ: ನ್ಯೂಯಾರ್ಕ್‌ನಲ್ಲಿ ವಲಸಿಗರ ಜಾಡು ಹಿಡಿದು

ನ್ಯೂಜೆರ್ಸಿಯಲ್ಲಿರುವ ಮಕ್ಕಳ ಮನೆಗೆ ಬರುವ ನಮ್ಮವರು ನ್ಯೂಯಾರ್ಕ್‌ನಲ್ಲಿ ನೋಡುವ ಜಾಗಗಳು ಹೆಚ್ಚುಕಡಿಮೆ ಒಂದೇ. ಟೈಮ್ಸ್ ಸ್ಕ್ವೇರ್, ಎಂಪೈರ್ ಸ್ಟೇಟ್, ಲಿಬರ್ಟಿ ಪ್ರತಿಮೆ. ಪ್ರತಿಮೆಯ ಫೆರ್ರಿ ಟಿಕೆಟ್‌ನಲ್ಲೇ ಎಲ್ಲಿಸ್ ದ್ವೀಪವೂ ಸೇರಿರುತ್ತದೆ. ಹಡಗಿನಲ್ಲಿ ಬಂದ ವಲಸಿಗರನ್ನು ತಪಾಸಣೆ ಮಾಡಿ ದೇಶದೊಳಗೆ ಬಿಡುತ್ತಿದ್ದ ಜಾಗ ಅದು. ಆದರೆ ಅಷ್ಟು ಹೊತ್ತಿಗೆ ಸುಸ್ತಾಗಿ, ಬಹಳ ಜನ ಅಲ್ಲಿ ಇಳಿಯದೆ ವಾಪಸ್ ಬಂದುಬಿಡುತ್ತಾರೆ. ನನ್ನ ಮಾತು ಕೇಳುವುದಾದರೆ ಪ್ರತಿಮೆಗೆ ಒಂದು ಗಂಟೆ ಕೊಡಿ, ಎಲ್ಲಿಸ್‌ಗೆ ಮೂರು ಗಂಟೆ. ಅಲ್ಲಿಂದ ಹೊರಬಿದ್ದ ವಲಸಿಗರು ಬಾಳಿದ ಮನೆ, ದುಡಿದ ಕಾರ್ಖಾನೆ ಕೂಡ ಇದೇ ಊರಲ್ಲಿವೆ. ಅವನ್ನೂ ಸೇರಿಸಿಕೊಂಡರೆ ಅಮೆರಿಕ ಹೇಗೆ ಕಟ್ಟಿದ ದೇಶ ಅನ್ನುವುದು ಕಾಲ್ನಡಿಗೆಯಲ್ಲೇ ತಿಳಿಯುತ್ತದೆ.

ಫೆರ್ರಿ ಎರಡು ಕಡೆಯಿಂದ ಹೊರಡುತ್ತದೆ: ಮ್ಯಾನ್‌ಹಾಟನ್‌ನ ಬ್ಯಾಟರಿ ಪಾರ್ಕ್, ನ್ಯೂಜೆರ್ಸಿಯ ಲಿಬರ್ಟಿ ಸ್ಟೇಟ್ ಪಾರ್ಕ್. ನ್ಯೂಜೆರ್ಸಿಯ ಎಡಿಸನ್ ಊರಿನ ಕಡೆಯಿಂದ ಕಾರಿನಲ್ಲಿ ಬರುವವರಿಗೆ ಎರಡನೆಯದೇ ಸಲೀಸು. ದಡದಲ್ಲಿ ಹಳೇ ರೈಲು ನಿಲ್ದಾಣವೊಂದಿದೆ, ಅದನ್ನು ಬಿಡಬೇಡಿ. ಎಲ್ಲಿಸ್‌ನಲ್ಲಿ ಪಾಸಾದ ಎಷ್ಟೋ ಜನ ಇಲ್ಲಿಂದಲೇ ರೈಲು ಹತ್ತಿ ಗಣಿ, ಉಕ್ಕಿನ ಊರುಗಳಿಗೆ ಹೋದರು. ಟಿಕೆಟ್ಟನ್ನು ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಬ್ಯಾಟರಿ ಪಾರ್ಕ್ ಸುತ್ತ ರಸ್ತೆಯಲ್ಲಿ ಟಿಕೆಟ್ ಮಾರಲು ಬರುವವರ ಹತ್ತಿರ ಬೇಡವೇ ಬೇಡ. ಎರಡೂ ದ್ವೀಪಗಳಿಗೆ ಪ್ರವೇಶ ಶುಲ್ಕವಿಲ್ಲ, ಕೊಡುವ ದುಡ್ಡು ಫೆರ್ರಿಗೆ. ವಿಮಾನ ನಿಲ್ದಾಣದಂಥ ತಪಾಸಣೆ ಇರುತ್ತದೆ, ಆದ್ದರಿಂದ ಬೆಳಗಿನ ಮೊದಲ ದೋಣಿಗೇ ಹೋಗಿ. ಬೇಸಿಗೆಯಲ್ಲೂ ದೋಣಿಯ ಮೇಲೆ ಗಾಳಿ ಜೋರು. ಹಿರಿಯರಿಗೆ ಒಂದು ಸ್ವೆಟರ್ ಇರಲಿ.

ಪ್ರತಿಮೆಯ ಕೆಳಗೆ ಫೋಟೋ ತೆಗೆಸಿಕೊಳ್ಳುವಾಗ ಒಂದು ವಿಷಯ ನೆನಪಿರಲಿ. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದ್ದು ಇದೇ ದ್ವೀಪದಲ್ಲಿ. 1917ರ ಕಾನೂನು ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗಕ್ಕೆ ಬಾಗಿಲು ಹಾಕಿತ್ತು. 1946ರಲ್ಲಿ ಸ್ವಲ್ಪ ಸಡಿಲವಾದಾಗಲೂ ಭಾರತಕ್ಕೆ ಸಿಕ್ಕಿದ್ದು ವರ್ಷಕ್ಕೆ 100 ಜನರ ಕೋಟಾ. ಇವತ್ತು ನ್ಯೂಜೆರ್ಸಿಯಲ್ಲಿ ಕನ್ನಡ ಕೇಳಿಸುತ್ತಿದೆ ಅಂದರೆ ಅದಕ್ಕೆ ದಾರಿ ತೆರೆದದ್ದು ಆ ಸಹಿ.

ಎಲ್ಲಿಸ್ ಶುರುವಾದದ್ದು 1892ರ ಜನವರಿ 1ರಂದು. ಮೊದಲ ಕಟ್ಟಡ ಮರದ್ದು, 1897ರಲ್ಲಿ ಸುಟ್ಟುಹೋಯಿತು. ಈಗ ನೋಡುವ ಇಟ್ಟಿಗೆ ಕಟ್ಟಡ 1900ರದ್ದು. 1954ರಲ್ಲಿ ಮುಚ್ಚುವವರೆಗೆ ಸುಮಾರು 1 ಕೋಟಿ 20 ಲಕ್ಷ ಜನ ಇದರ ಮೂಲಕ ಹಾದುಹೋದರು. 1907 ಒಂದೇ ವರ್ಷದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ. ಮೊದಲ, ಎರಡನೇ ದರ್ಜೆಯವರ ತಪಾಸಣೆ ಹಡಗಿನಲ್ಲೇ ಮುಗಿಯುತ್ತಿತ್ತು. ಕೆಳದರ್ಜೆಯಲ್ಲಿ ಬಂದ ಬಡವರು ಮಾತ್ರ ಇಲ್ಲಿ ಸಾಲು ನಿಲ್ಲಬೇಕಿತ್ತು.

ಆಡಿಯೋ ಗೈಡ್ ಟಿಕೆಟ್‌ನಲ್ಲೇ ಸೇರಿದೆ, ತೆಗೆದುಕೊಂಡು ನೇರ ಮೇಲಿನ ನೋಂದಣಿ ಹಾಲ್‌ಗೆ ಹೋಗಿ. ಆಗ ಜನ ಗಂಟುಮೂಟೆ ಹೊತ್ತು ಮೆಟ್ಟಿಲು ಹತ್ತುವಾಗಲೇ ವೈದ್ಯರು ಗಮನಿಸುತ್ತಿದ್ದರು. ಯಾರು ಏದುಸಿರು ಬಿಡುತ್ತಾರೆ, ಯಾರು ಕುಂಟುತ್ತಾರೆ? ಅನುಮಾನ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಕ್ಷರ. ಹೃದಯಕ್ಕೆ ಎಚ್, ಕುಂಟಿದರೆ ಎಲ್, ಕಣ್ಣಿಗೆ ಇ. ಕಣ್ಣಿನ ರೆಪ್ಪೆಯನ್ನು ಬೆರಳಿನಿಂದಲೋ, ಗುಂಡಿ ಹಾಕುವ ಕೊಕ್ಕೆಯಿಂದಲೋ ಮೇಲಕ್ಕೆ ಮಗುಚಿ ಟ್ರಕೋಮಾ ಅನ್ನುವ ಕಣ್ಣಿನ ರೋಗ ಇದೆಯಾ ಅಂತ ನೋಡುತ್ತಿದ್ದರು. ಆಮೇಲೆ ಪ್ರಶ್ನೆಗಳು. ‘ಕೆಲಸ ಮೊದಲೇ ಗೊತ್ತಾಗಿದೆಯಾ?’ ಅನ್ನುವುದಕ್ಕೆ ‘ಹೌದು’ ಅಂದರೆ ಕಷ್ಟ! ಕೂಲಿ ಕರಾರಿನ ಮೇಲೆ ಜನರನ್ನು ತರಿಸುವುದನ್ನು 1885ರ ಕಾನೂನು ತಡೆದಿತ್ತು. ಕೆಲಸದ ವೀಸಾದಲ್ಲಿ ಬಂದ ನಮ್ಮ ಮಕ್ಕಳಿಗೆ ಇದನ್ನು ಹೇಳಿ, ಆಶ್ಚರ್ಯಪಡುತ್ತಾರೆ. ವಾಪಸ್ ಹೋಗಬೇಕಾದವರು ನೂರಕ್ಕೆ ಇಬ್ಬರು. ಸಣ್ಣ ಸಂಖ್ಯೆ ಅನ್ನಿಸುತ್ತದೆ, ಆದರೆ ಮಗುವಿಗೆ ಕಣ್ಣಿನ ರೋಗ ಅಂತ ತಾಯಿಯೂ ಹಡಗು ಹತ್ತಬೇಕಾಗಿ ಬಂದಾಗ ಆ ಮನೆಯ ಗತಿ ಏನಾಗಿರಬೇಕು?

ಕಟ್ಟಡದಲ್ಲಿ ಲಿಫ್ಟ್ ಇದೆ, ಮಂಡಿನೋವಿನವರೂ ಆರಾಮಾಗಿ ನೋಡಬಹುದು. ಹೊರಡುವಾಗ ದೋಣಿ ನ್ಯೂಯಾರ್ಕ್‌ನದೋ ನ್ಯೂಜೆರ್ಸಿಯದೋ ಅಂತ ಕೇಳಿಕೊಂಡೇ ಹತ್ತಿ.

ಬ್ಯಾಟರಿ ಪಾರ್ಕ್‌ಗೆ ಇಳಿದರೆ ಎದುರಿಗೇ 1907ರ ಹಳೇ ಕಸ್ಟಮ್ಸ್ ಕಟ್ಟಡ. ಈಗ ಅದು ಮೂಲನಿವಾಸಿಗಳ ಮ್ಯೂಸಿಯಂ, ಒಳಗೆ ಹೋಗಲು ದುಡ್ಡಿಲ್ಲ. ಹೊರಗಿನ ನಾಲ್ಕು ಖಂಡಗಳ ಪ್ರತಿಮೆಗಳನ್ನು ನಿಂತು ನೋಡಿ. ಅಮೆರಿಕ ದೀವಟಿಗೆ ಹಿಡಿದು ಮುಂದಕ್ಕೆ ಏಳುತ್ತಿದ್ದಾಳೆ. ಆಫ್ರಿಕಾ ನಿದ್ದೆಯಲ್ಲಿದ್ದಾಳೆ. ಏಷ್ಯಾ ಕಣ್ಣು ಮುಚ್ಚಿ, ಮಡಿಲಲ್ಲಿ ಪುಟ್ಟ ಬುದ್ಧನನ್ನಿಟ್ಟುಕೊಂಡು ತಲೆಬುರುಡೆಗಳ ಪೀಠದ ಮೇಲೆ ಕೂತಿದ್ದಾಳೆ. 1898ರಲ್ಲಿ ಸ್ಪೇನ್ ಜೊತೆ ಯುದ್ಧ ಗೆದ್ದು ಫಿಲಿಪೀನ್ಸ್, ಪೋರ್ಟೊ ರಿಕೊ, ಗುವಾಮ್‌ಗಳನ್ನು ತೆಗೆದುಕೊಂಡ ದೇಶ ನಮ್ಮಂಥವರನ್ನು ಹೇಗೆ ಕಾಣುತ್ತಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ನನಗಂತೂ ಸಂಕಟವಾಯಿತು.

ಮರುದಿನಕ್ಕೆ ಆರ್ಚರ್ಡ್ ಸ್ಟ್ರೀಟ್‌ನ ಟೆನೆಮೆಂಟ್ ಮ್ಯೂಸಿಯಂ. ಟೆನೆಮೆಂಟ್ ಅಂದರೆ ಬಡ ಸಂಸಾರಗಳು ಬಾಡಿಗೆಗಿದ್ದ ವಠಾರದಂಥ ಕಟ್ಟಡ. ಸಬ್‌ವೇಯ ಡೆಲಾನ್ಸಿ–ಎಸೆಕ್ಸ್ ಸ್ಟೇಷನ್‌ನಲ್ಲಿ ಇಳಿದರೆ ಹತ್ತಿರ. 97ನೇ ನಂಬರ್ ಮನೆಯನ್ನು ಗೈಡ್ ಜೊತೆ ಮಾತ್ರ ನೋಡಬಹುದು, ಮುಂಚೆಯೇ ಬುಕ್ ಮಾಡಿ. ಇಲ್ಲಿ ಮಾತ್ರ ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು. 1863ರಲ್ಲಿ ಕಟ್ಟಿದಾಗ ಕಕ್ಕಸು ಹಿತ್ತಲಲ್ಲಿತ್ತು, ನೀರು ಹೊತ್ತೇ ತರಬೇಕಿತ್ತು. ಒಂದೊಂದು ಸಂಸಾರಕ್ಕೆ ಸುಮಾರು 325 ಚದರಡಿ, ಮೂರು ಕೋಣೆ. ಹಳೇ ಬೆಂಗಳೂರಿನ ವಠಾರದಲ್ಲಿ ಬೆಳೆದವರಿಗೆ ಗೈಡ್ ಜಾಸ್ತಿ ವಿವರಿಸಬೇಕಾಗಿಲ್ಲ. ಪೋಲೆಂಡ್ ಕಡೆಯಿಂದ ಬಂದ ಲೆವಿನ್ ಕುಟುಂಬ 1890ರ ದಶಕದಲ್ಲಿ ಈ ಕೋಣೆಗಳಲ್ಲೇ ಬಟ್ಟೆ ಹೊಲಿಸುತ್ತಿತ್ತು. ಬೆಳಕಿಗಾಗಿ ಹೊಲಿಗೆ ಯಂತ್ರ ಕಿಟಕಿ ಹತ್ತಿರ, ಇಸ್ತ್ರಿ ಕಾಯುವುದು ಅಡುಗೆ ಒಲೆಯ ಮೇಲೆ, ನಡುವೆ ಮಕ್ಕಳು. ಪತ್ರಕರ್ತ ಜೇಕಬ್ ರೀಸ್ ತೆಗೆದ ಫೋಟೋಗಳು ಇಂಥ ಮನೆಗಳ ಸ್ಥಿತಿಯನ್ನು ಊರಿಗೆಲ್ಲ ತೋರಿಸಿದವು. 1901ರ ಕಾನೂನು ಬೆಳಕು, ಗಾಳಿ, ಕಕ್ಕಸುಗಳನ್ನು ಕಡ್ಡಾಯ ಮಾಡಿತು.

ಊಟಕ್ಕೆ ಹ್ಯೂಸ್ಟನ್ ಸ್ಟ್ರೀಟ್ ಕಡೆ ನಡೆಯಿರಿ. ಆಲೂಗಡ್ಡೆ ತುಂಬಿದ ಕ್ನಿಶ್ ಅನ್ನುವ ಯಹೂದಿ ತಿಂಡಿ ಸಿಗುತ್ತದೆ, ಮಾಂಸವಿಲ್ಲ ಅಂತ ಕೇಳಿ ತಿನ್ನಿ. ಆಮೇಲೆ ಎಫ್ ಟ್ರೈನ್ ಹಿಡಿದು ವೆಸ್ಟ್ ಫೋರ್ತ್ ಸ್ಟ್ರೀಟ್‌ನಲ್ಲಿ ಇಳಿದು ವಾಷಿಂಗ್ಟನ್ ಪ್ಲೇಸ್ ಮತ್ತು ಗ್ರೀನ್ ಸ್ಟ್ರೀಟ್ ಮೂಲೆಗೆ ಹೋಗಿ. ಅಲ್ಲಿನ ಹತ್ತು ಮಹಡಿಯ ಕಟ್ಟಡದ ಮೇಲಿನ ಮೂರು ಮಹಡಿಗಳಲ್ಲಿ ಟ್ರಯಾಂಗಲ್ ಷರ್ಟ್‌ವೇಸ್ಟ್ ಅನ್ನುವ, ಹೆಂಗಸರ ಅಂಗಿ ಹೊಲಿಯುವ ಕಾರ್ಖಾನೆ ಇತ್ತು. 1911ರ ಮಾರ್ಚ್ 25, ಶನಿವಾರ ಸಂಜೆ, ಕೆಲಸ ಬಿಡುವ ಹೊತ್ತಿಗೆ ಬೆಂಕಿ. ಒಂಬತ್ತನೇ ಮಹಡಿಯ ಒಂದು ಬಾಗಿಲಿಗೆ ಬೀಗ. ಅಗ್ನಿಶಾಮಕದವರ ಏಣಿ ಮುಟ್ಟಿದ್ದು ಆರನೇ ಮಹಡಿವರೆಗೆ. ಸತ್ತವರು 146 ಜನ. ಹೆಚ್ಚಿನವರು ಯಹೂದಿ, ಇಟಾಲಿಯನ್ ಹುಡುಗಿಯರು. ಮಾಲೀಕರು ಕೋರ್ಟಿನಲ್ಲಿ ಖುಲಾಸೆಯಾದರು.

2023ರಲ್ಲಿ ಇಲ್ಲಿ ಸ್ಮಾರಕವಾಯಿತು. ತಲೆಯ ಮೇಲೆ ಉಕ್ಕಿನ ಪಟ್ಟಿ, ಅದರಲ್ಲಿ ಹೆಸರುಗಳನ್ನು ಕೊರೆದಿದ್ದಾರೆ. ಸೊಂಟದ ಎತ್ತರಕ್ಕೆ ಕಪ್ಪು ಫಲಕ. ಬಗ್ಗಿ ಅದರಲ್ಲಿ ನೋಡಿದರೆ ಹೆಸರುಗಳು ಆಕಾಶದ ಬೆಳಕಿನಲ್ಲಿ ಮೂಡುತ್ತವೆ. ಅವಸರ ಮಾಡಬೇಡಿ, ಒಂದೊಂದಾಗಿ ಓದಿ. ಆ ದಿನ ಹತ್ತಿರದಲ್ಲೇ ಇದ್ದ ಫ್ರಾನ್ಸಿಸ್ ಪರ್ಕಿನ್ಸ್ ಓಡಿ ಬಂದು ಇದನ್ನೆಲ್ಲ ಕಣ್ಣಾರೆ ಕಂಡರು. ಆಮೇಲೆ ಕಾರ್ಖಾನೆ ತನಿಖಾ ಆಯೋಗಕ್ಕೆ ದುಡಿದರು. ನ್ಯೂಯಾರ್ಕ್‌ನಲ್ಲಿ ಕಾರ್ಮಿಕರ ಸುರಕ್ಷತೆಗೆ ಹೊಸ ಕಾನೂನುಗಳು ಬಂದವು. 1933ರಲ್ಲಿ ಅವರೇ ದೇಶದ ಕಾರ್ಮಿಕ ಕಾರ್ಯದರ್ಶಿಯಾದರು, ಅಮೆರಿಕದ ಸಂಪುಟ ಸೇರಿದ ಮೊದಲ ಮಹಿಳೆ.

ಕಟ್ಟಡ ಈಗ ವಿಶ್ವವಿದ್ಯಾಲಯದ್ದು, ಒಳಗೆ ಬಿಡುವುದಿಲ್ಲ. ಸ್ಮಾರಕ ಬೀದಿಯಲ್ಲೇ ಇರುವುದರಿಂದ ಯಾವಾಗ ಬೇಕಾದರೂ ಹೋಗಬಹುದು. ಮಾರ್ಚ್ 25ರ ಹೊತ್ತಿಗೆ ನೀವು ಅಲ್ಲಿದ್ದರೆ ಸ್ಮರಣೆಗೆ ತಪ್ಪದೆ ಹೋಗಿ. ಕೈಯಲ್ಲಿ ಒಂದೇ ದಿನ ಇದ್ದರೆ ಲಿಬರ್ಟಿ ದ್ವೀಪದಲ್ಲಿ ಇಳಿಯಬೇಡಿ, ಪ್ರತಿಮೆ ದೋಣಿಯಿಂದಲೇ ಚೆನ್ನಾಗಿ ಕಾಣುತ್ತದೆ. ಆ ಉಳಿದ ಸಮಯವನ್ನು ಎಲ್ಲಿಸ್‌ಗೂ ಈ ಮೂಲೆಗೂ ಹಂಚಿಕೊಳ್ಳಿ.