ಹೊಳೆಗೆ ಇಳಿಯುವ ಓಣಿ

ಮೈಸೂರಿನಿಂದ ಹೊರಟು ಕೊಪ್ಪ ದಾಟಿ ಕಾವೇರಿಯ ಸೇತುವೆಯ ಮೇಲೆ ಕಾರು ನಿಲ್ಲಿಸಿದಾಗ ಬೆಳಗಿನ ಎಂಟು ಗಂಟೆಯಾಗಿತ್ತು. ಹಿಂದೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು, ಮುಂದೆ ಕೊಡಗಿನ ಕುಶಾಲನಗರ; ನಡುವೆ ಗಡಿಯಾಗಿ ಹರಿಯುವುದು ಹೊಳೆ. ತುಲಾ ಸಂಕ್ರಮಣ ಕಳೆದು ಮೂರು ವಾರವಾಗಿದ್ದರಿಂದ ಮಳೆಗಾಲದ ಕೆಂಪು ಇಳಿದು ನೀರು ತಿಳಿಯಾಗಿತ್ತು. ಆದರೆ ದಡದ ಬಿದಿರು ಮೆಳೆಗಳಲ್ಲಿ, ಈಗಿನ ನೀರಿನ ಮಟ್ಟಕ್ಕಿಂತ ಎರಡಾಳು ಎತ್ತರದಲ್ಲಿ, ಮಳೆಗಾಲದ ಪ್ರವಾಹ ತಂದು ಸಿಕ್ಕಿಸಿಹೋದ ಒಣಹುಲ್ಲು, ಹರಿದ ಚೀಲ, ಒಂದು ಮಗುವಿನ ಚಪ್ಪಲಿ ಇನ್ನೂ ನೇತಾಡುತ್ತಿದ್ದವು.

ನಿವೃತ್ತರಾದ ಭಾವ ಇಲ್ಲಿ ಹೊಳೆಗೆ ಮುಖ ಮಾಡಿದ ಹೊಸ ಅಪಾರ್ಟ್‌ಮೆಂಟಿನಲ್ಲಿ ಒಂದು ಮನೆ ಕೊಳ್ಳುವ ಆಸೆ ಇಟ್ಟುಕೊಂಡಿದ್ದರು. "ಮುಂಗಡ ಕೊಡೋ ಮುಂಚೆ ನೀನೂ ಒಂದು ಸಲ ನೋಡಿಬಿಡು" ಎಂದು ನನ್ನನ್ನು ಕರೆತಂದಿದ್ದರು. ಅವರ ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಕೊಡಗಿನಲ್ಲಿ ಹೊಳೆಯ ದಡದ ಮೇಲೆ ಬೆಳೆದ ಊರುಗಳಲ್ಲಿ ನಗರದ ರೂಪಕ್ಕೆ ಹತ್ತಿರವಾಗುತ್ತಿರುವುದು, ಹಿಂದೆ ಫ್ರೇಸರ್‌ಪೇಟೆ ಎನ್ನಿಸಿಕೊಂಡಿದ್ದ ಈ ಕುಶಾಲನಗರವೇ. ಹೆದ್ದಾರಿ ಇದೆ, ಸಮತಟ್ಟಾದ ನೆಲವಿದೆ; 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಿನ ಬೆಟ್ಟಗಳು ಕುಸಿದ ಮೇಲೆ ಇಳಿಜಾರಿನ ಮನೆಗಳ ಬಗ್ಗೆ ಜನರಲ್ಲಿ ಹುಟ್ಟಿದ ಭಯವೂ ಇದೆ. ಹೆದ್ದಾರಿಯಿಂದ ಒಳಗೆ ತಿರುಗಿದರೆ ಸಾಲುಸಾಲಾಗಿ ಬಡಾವಣೆಗಳು. ಕೆಲವು ವರ್ಷಗಳ ಹಿಂದಿನವರೆಗೆ ಗದ್ದೆಯಾಗಿದ್ದ ನೆಲವನ್ನು ಇಂದು ಸೆಂಟ್ ಲೆಕ್ಕದಲ್ಲಿ ಮಾರುತ್ತಾರೆ.

ನಾವು ನೋಡಲು ಹೋದ ಕಟ್ಟಡ ಕಂಬಗಳ ಮೇಲೆ ನಿಂತಿತ್ತು. ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ. ಮೂರನೆಯ ಮಹಡಿಯ ಬಾಲ್ಕನಿಗೆ ಬಂದಾಗ ಭಾವ ಮಾತಿಲ್ಲದೆ ನಿಂತುಬಿಟ್ಟರು. ಹೊಳೆ ಅಲ್ಲಿ ಮೆಲ್ಲಗೆ ಬಳುಕಿ ಹರಿಯುತ್ತದೆ, ಆಚೆ ದಡದಲ್ಲಿ ಬಿದಿರು ನೀರಿನ ಮೇಲೆ ಬಾಗಿದೆ, ಮಿಂಚುಳ್ಳಿಯೊಂದು ಎರಗಿ ಮತ್ತೆ ಕೊಂಬೆಗೆ ಮರಳಿತು. ಆ ನೋಟಕ್ಕೆ ನಾನೂ ಸೋತೆ. ಆದರೆ ಇಳಿದು ಕೆಳಗೆ ಬಂದ ಮೇಲೆ ಅದೇ ಹೊಳೆ ಎಲ್ಲಿಯೂ ಕಾಣಲಿಲ್ಲ. ಕಟ್ಟಡದ ಹಿಂದೆ ಆರೇಳು ಅಡಿ ಎತ್ತರದ ಕಾಂಪೌಂಡ್ ಗೋಡೆ ದಡದುದ್ದಕ್ಕೂ ಸಾಗಿತ್ತು. ನಾವು ಬಂದ ಮಣ್ಣಿನ ಓಣಿ ಆ ಕಟ್ಟಡದ ಗೇಟಿಗೆ ಬಂದು ನಿಂತುಹೋಗಿತ್ತು.

ಗೇಟಿನ ಹೊರಗೆ ಬಟ್ಟೆಯ ಬಕೆಟ್ಟು ಹಿಡಿದ ಹೆಂಗಸೊಬ್ಬರು ಸುತ್ತುದಾರಿಯಲ್ಲಿ ಹೋಗುತ್ತಿದ್ದರು. ಹೊಳೆಗೆ ದಾರಿ ಯಾವುದೆಂದು ಕೇಳಿದೆ. "ದಾರಿ ಇದೇ ಆಗಿತ್ತು, ನಾನು ಮದುವೆಯಾಗಿ ಬಂದಾಗಿನಿಂದ ಇಲ್ಲೇ ಇಳಿತಿದ್ದೆ. ದನ ನೀರಿಗೆ ಹೊಡಕೊಂಡು ಹೋಗ್ತಿದ್ದಿದ್ದೂ ಇದರಲ್ಲೇ. ಈಗ ಆ ದೇವಸ್ಥಾನದ ಕಡೆಯಿಂದ ಸುತ್ತಿ ಹೋಗಬೇಕು" ಎಂದರು. ನಂತರ ಗೋಡೆಯ ಹೊರಮೈಯನ್ನು ತೋರಿಸಿದರು. ಸುಣ್ಣದ ಬಣ್ಣದ ಮೇಲೆ ಕಂದು ಗೆರೆಯೊಂದು ಹಗ್ಗ ಹಿಡಿದು ಎಳೆದಷ್ಟು ನೇರವಾಗಿ ಹೋಗಿತ್ತು. ಅದು ನನ್ನ ಮೊಣಕಾಲಿಗಿಂತ ಗೇಣು ಮೇಲಿತ್ತು. ಬೆರಳಿನಿಂದ ಉಜ್ಜಿದರೆ ನುಣ್ಣನೆಯ ಮೆಕ್ಕಲು ಪುಡಿಯಾಗಿ ಉದುರಿತು. "ಇದು ಈ ವರ್ಷದ್ದು. ಹತ್ತೊಂಬತ್ತರಲ್ಲಿ ಇಷ್ಟಲ್ಲ" ಎನ್ನುತ್ತಾ ಅವರು ತಮ್ಮ ತಲೆಯ ಮೇಲೆ ಕೈ ಎತ್ತಿ ತೋರಿಸಿದರು.

ಕುಶಾಲನಗರದಲ್ಲಿ ಮಳೆ ಕಡಿಮೆ. ಇಲ್ಲಿ ಬಿಸಿಲು ಬಿದ್ದಿರುವಾಗಲೂ ಹೊಳೆ ಏರುತ್ತದೆ, ಏಕೆಂದರೆ ನೀರು ಬರುವುದು ತಲಕಾವೇರಿ, ಭಾಗಮಂಡಲ, ನಾಪೋಕ್ಲು ಕಡೆಯ ಭಾರೀ ಮಳೆಯಿಂದ. ಅದರ ಮೇಲೆ, ಪಟ್ಟಣದಿಂದ ಸ್ವಲ್ಪ ಕೆಳಗೆ ಕೂಡಿಗೆಯಲ್ಲಿ ಹಾರಂಗಿ ಬಂದು ಕಾವೇರಿಗೆ ಸೇರುತ್ತದೆ. ಎರಡೂ ಹೊಳೆಗಳು ಒಟ್ಟಿಗೆ ತುಂಬಿದಾಗ, ಹಾರಂಗಿ ಜಲಾಶಯದಿಂದಲೂ ನೀರು ಬಿಟ್ಟಾಗ, ಸಂಗಮದಲ್ಲಿ ಕಾವೇರಿಯ ಓಟ ತಗ್ಗಿ ನೀರು ಹಿಂದಕ್ಕೆ ಒತ್ತಿಕೊಂಡು ಬರುತ್ತದೆ. 2018 ಮತ್ತು 2019ರ ಆಗಸ್ಟ್‌ಗಳಲ್ಲಿ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳು ಮುಳುಗಿದ್ದನ್ನು ಇಲ್ಲಿಯವರು ಮರೆತಿಲ್ಲ. ಗದ್ದೆ ಗದ್ದೆಯಾಗಿಯೇ ಇದ್ದಾಗ ಆ ನೀರು ಅಲ್ಲಿ ಹರಡಿ, ನಿಂತು, ಇಳಿದುಹೋಗುತ್ತಿತ್ತು. ಒಬ್ಬರು ಮಣ್ಣು ತುಂಬಿಸಿ ತಮ್ಮ ನಿವೇಶನವನ್ನು ಎತ್ತರಿಸಿದರೆ ಆ ನೀರು ಪಕ್ಕದವರ ಅಂಗಳಕ್ಕೆ ಹೋಗುತ್ತದೆ. ದಡದುದ್ದಕ್ಕೂ ಗೋಡೆ ಕಟ್ಟಿದರೆ, ಒಳಗೆ ನುಗ್ಗಿದ ನೀರು ಹೊಳೆಗೆ ಮರಳಲು ದಾರಿಯಿಲ್ಲದೆ ಹೆಚ್ಚು ಕಾಲ ನಿಲ್ಲುತ್ತದೆ. ಕಂಬದ ಮೇಲಿನ ಮನೆಗೆ ನೀರು ಹತ್ತದಿದ್ದರೂ ಸಂಪು, ಶೌಚಗುಂಡಿ, ಮೋಟಾರು ಎಲ್ಲವೂ ಕೆಳಗೇ ಇರುತ್ತವೆ. ಅವು ಮುಳುಗಿದ ದಿನ ಮೂರನೆಯ ಮಹಡಿಯವರಿಗೂ ಕುಡಿಯುವ ನೀರಿಲ್ಲ.

ಮಾರಾಟದ ಕಚೇರಿಯಲ್ಲಿ ಕಡತವನ್ನು ನಮ್ಮ ಮುಂದೆ ಬಿಚ್ಚಿಟ್ಟರು. ಭೂಪರಿವರ್ತನೆಯ ಆದೇಶ, ಕಟ್ಟಡದ ಪರವಾನಗಿ, ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದ ನೋಂದಣಿ, ಪ್ರತಿ ಮನೆಗೆ ಬರುವ ನೆಲದ ಅವಿಭಜಿತ ಪಾಲಿನ ಲೆಕ್ಕ, ಎಲ್ಲವೂ ಅಚ್ಚುಕಟ್ಟಾಗಿದ್ದವು. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹೇಳುವ ಒಂದು ಹಾಳೆಯೂ ಇರಲಿಲ್ಲ. ಸರ್ವೆ ನಕ್ಷೆಯಲ್ಲಿ ಮಾತ್ರ, ನಿವೇಶನದ ಅಂಚಿನಲ್ಲಿ ಎರಡು ಗೆರೆಗಳು ಜೊತೆಯಾಗಿ ಹೊಳೆಯವರೆಗೂ ಹೋಗಿದ್ದವು, ಪಕ್ಕದಲ್ಲಿ 'ಬಿ ಖರಾಬು' ಎಂದು ಬರೆದಿತ್ತು. ಬಿ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಮೀಸಲಾದ ನೆಲ. ಅದು ಯಾರ ಖಾತೆಗೂ ಸೇರುವುದಿಲ್ಲ. ನದಿ, ಅದರ ಪಾತ್ರ, ಹಳ್ಳಕೊಳ್ಳಗಳು ಸರ್ಕಾರದ ಸ್ವತ್ತು ಎಂದು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೇ ಕಲಮು ಹೇಳುತ್ತದೆ. ಆ ಎರಡು ಗೆರೆಗಳ ಮೇಲೆಯೇ ಈಗ ಗೇಟು ನಿಂತಿದೆಯೇ ಎಂದು ಭಾವ ಕೇಳಿದರು. "ಹಗಲೆಲ್ಲ ಗೇಟು ತೆರೆದೇ ಇರುತ್ತೆ ಸಾರ್, ಯಾರೂ ಬೇಡ ಅನ್ನಲ್ಲ" ಎಂಬ ಉತ್ತರ ಬಂತು. ಅಂದು ಹಗಲಿನಲ್ಲಿಯೇ ಅದು ಮುಚ್ಚಿತ್ತು.

ಮರುದಿನ ಹೊಳೆಯ ಮೇಲ್ದಿಕ್ಕಿಗೆ ಹೊರಟೆವು. ಕಾವೇರಿ ನಿಸರ್ಗಧಾಮವನ್ನು ತೂಗುಸೇತುವೆಯ ಈಚೆಯಿಂದಲೇ ನೋಡಿ ಮುಂದೆ ಹೋದೆವು. ನೀರು ಏರಿದಾಗ ಬಾಗಿಲು ಹಾಕಿ, ಇಳಿದ ಮೇಲೆ ತೆರೆಯುವ ಆ ದ್ವೀಪದಲ್ಲಿ ಬಿದಿರು ಮತ್ತು ತೇಗ ಹೊಳೆಯೊಂದಿಗೆ ಹೊಂದಿಕೊಂಡಿವೆ. ನೆಲ್ಯಹುದಿಕೇರಿ, ಕರಡಿಗೋಡಿನಲ್ಲಿ ಕಾರು ನಿಲ್ಲಿಸಿದಾಗ ಮನಸ್ಸು ಭಾರವಾಯಿತು. 2019ರ ನೆರೆಯಲ್ಲಿ ಇಲ್ಲಿ ದಡದ ಮನೆಗಳು ಸಾಲಾಗಿ ಬಿದ್ದವು. ತೋಟದ ಕೂಲಿಯಿಂದ ಬದುಕುವ ಈ ಜನ ಬೇರೆಲ್ಲೂ ನೆಲ ಸಿಗದೆ ಹೊಳೆಯ ಅಂಚಿನಲ್ಲಿ ಮನೆ ಮಾಡಿಕೊಂಡವರು. ಅವರನ್ನು 'ಅಪಾಯದ ವಲಯ'ದಿಂದ ಎಬ್ಬಿಸಬೇಕೆಂದು ಹೇಳುವ ನಾವೇ, ಅದೇ ಹೊಳೆಯ ಇನ್ನೊಂದು ತಿರುವಿನಲ್ಲಿ ನೋಟ ಚೆನ್ನಾಗಿದೆಯೆಂದು ಹೆಚ್ಚು ಹಣ ಕೊಟ್ಟು ದಡ ಸೇರುವುದು ನ್ಯಾಯವಲ್ಲ.

ಬಲಮುರಿಯಲ್ಲಿ ಕಾವೇರಿ ಬಲಕ್ಕೆ ಹೊರಳುತ್ತಾಳೆ. ಆ ರಭಸಕ್ಕೆ ಕೊಡವ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತೆಂಬ ಐತಿಹ್ಯವನ್ನು ಅಕ್ಕ ಮದುವೆಯ ಹೊಸದರಲ್ಲಿ ನಮಗೆಲ್ಲ ಹೇಳುತ್ತಿದ್ದಳು. ಅವಳಿಲ್ಲದೆ ಇಲ್ಲಿಗೆ ಬಂದದ್ದು ಭಾವನಿಗೂ ನನಗೂ ಇದೇ ಮೊದಲು. ಇಲ್ಲಿನ ತಗ್ಗು ಸೇತುವೆ ಮಳೆಗಾಲದಲ್ಲಿ ಮುಳುಗುತ್ತದೆ. ಸೇತುವೆಯ ಆಚೀಚೆ ಗದ್ದೆ, ಗದ್ದೆಯ ಅಂಚಿಗೆ ದೇವಸ್ಥಾನ, ನೀರಿಗೆ ಇಳಿಯಲು ಯಾರನ್ನೂ ಕೇಳಬೇಕಾಗಿಲ್ಲ. ನಾವು ಸುಮಾರು ಒಂದು ಗಂಟೆ ಕಲ್ಲಿನ ಮೇಲೆ ಕುಳಿತೆವು.

ಮಧ್ಯಾಹ್ನದ ಊಟಕ್ಕೆ ನಾಪೋಕ್ಲು ಕಡೆಯ ಪರಿಚಿತರೊಬ್ಬರ ಮನೆತನದ ಮೂಲಮನೆಯಾದ ಐನ್‌ಮನೆಗೆ ಹೋದೆವು. ರಸ್ತೆಯಿಂದ ಎರಡೂ ಬದಿ ಮಣ್ಣಿನ ದಿಬ್ಬವಿರುವ ಓಣಿಯಲ್ಲಿ ತಿರುಗಿ ತಿರುಗಿ ಏರಿದರೆ ಮನೆ. ಮನೆಯ ಕೈಯಾಲೆಯಲ್ಲಿ, ಅಂದರೆ ಮುಂದಿನ ಜಗಲಿಯಲ್ಲಿ, ಕುಳಿತರೆ ಕಣ್ಣೆದುರು ಕೆಳಗೆ ಹಬ್ಬಿದ ಗದ್ದೆ, ಗದ್ದೆಯಾಚೆ ಹೊಳೆಯ ಸಾಲು ಮರ. ಭಾವ ತಾವು ನೋಡಿದ ಬಾಲ್ಕನಿಯ ವಿಷಯ ಹೇಳಿದಾಗ ಮನೆಯ ಹಿರಿಯರು ನಿಧಾನವಾಗಿ ಅಂದರು: "ನೋಟ ಇಲ್ಲೂ ಉಂಟಲ್ಲ. ಗದ್ದೆಯಲ್ಲಿ ನೀರು ನಿಲ್ಲಲಿ ಅಂತಲೇ ಮನೆಯನ್ನು ಮೇಲೆ ಕಟ್ಟಿದ್ದು. ಆಟಿ ತಿಂಗಳ ಮಳೆಯಲ್ಲಿ ನೀರು ಗದ್ದೆಯ ಏರಿವರೆಗೂ ಬರುತ್ತದೆ, ನಾವು ಇಲ್ಲೇ ಕೂತು ನೋಡುತ್ತೇವೆ." ಹೊಳೆಯಿಂದ ಹಿಂದೆ ಸರಿದು, ನಡುವಿನ ನೆಲವನ್ನು ನೀರಿಗೂ ಬೆಳೆಗೂ ಬಿಟ್ಟುಕೊಟ್ಟ ಮನೆಗೆ ಹೊಳೆಯ ಸೌಂದರ್ಯ ಕಡಿಮೆಯಾಗಿಲ್ಲ ಎಂಬುದು ಆ ಕೈಯಾಲೆಯಲ್ಲಿ ನನಗೆ ಸ್ಪಷ್ಟವಾಯಿತು. ಕುಶಾಲನಗರದಲ್ಲಿಯೂ ಅಪಾರ್ಟ್‌ಮೆಂಟುಗಳು ಬರಲಿ. ಊರು ಬೆಳೆಯುವಾಗ ಮನೆಗಳು ಬೇಕೇ ಬೇಕು. ಅವು ಹತ್ತೊಂಬತ್ತರ ಗೆರೆಯಿಂದ ಹಿಂದೆ ನಿಂತು, ದಡದುದ್ದಕ್ಕೂ ಎಲ್ಲರೂ ನಡೆಯಬಹುದಾದ ಒಂದು ಮಣ್ಣಿನ ದಾರಿ, ಮರಗಳ ನೆರಳು, ಬಟ್ಟೆ ಒಗೆಯಲು ನಾಲ್ಕು ಸೋಪಾನಗಳನ್ನು ಉಳಿಸಿದರೆ ಮೂರನೆಯ ಮಹಡಿಯವರು ಕಳೆದುಕೊಳ್ಳುವುದು ಏನೂ ಇಲ್ಲ. ಹೊಳೆಗೆ ಹೊಲಸು ಸೇರದಂತೆ ಒಳಚರಂಡಿ ಮೊದಲು, ಮಹಡಿ ಆಮೇಲೆ ಎಂಬ ಕ್ರಮವೂ ಇರಬೇಕು.

ಸಂಜೆ ಕುಶಾಲನಗರಕ್ಕೆ ಮರಳಿ, ಆ ಹೆಂಗಸು ಹೇಳಿದ ಸುತ್ತುದಾರಿಯಲ್ಲಿ ಹೊಳೆಗೆ ಇಳಿದೆವು. ಹುಡುಗರು ಈಜುತ್ತಿದ್ದರು, ಮುದುಕರೊಬ್ಬರು ಮೊಣಕಾಲುದ್ದ ನೀರಿನಲ್ಲಿ ನಿಂತು ಸೂರ್ಯನಿಗೆ ಅರ್ಘ್ಯ ಬಿಡುತ್ತಿದ್ದರು. ಅಲ್ಲಿಂದ ನೋಡಿದಾಗ ನಾವು ಹಿಂದಿನ ದಿನ ನಿಂತಿದ್ದ ಬಾಲ್ಕನಿ ಕಾಣುತ್ತಿತ್ತು, ಅದರ ಕೆಳಗೆ ಬರಿಯ ಗೋಡೆ.

ಭಾವ ಮುಂಗಡ ಕೊಡಲಿಲ್ಲ. ಮರುದಿನ ಬೆಳಿಗ್ಗೆ ನಾವು ಆ ಹೆಂಗಸಿನ ಮನೆ ಹುಡುಕಿಕೊಂಡು ಹೋದೆವು. ಓಣಿಯ ಅಳತೆ ಮಾಡಿಸಿ ಗುರುತು ಹಾಕಿಕೊಡಬೇಕೆಂದು ಸರ್ವೆ ಕಚೇರಿಗೆ ಕೊಡುವ ಅರ್ಜಿಯನ್ನು ಅವರ ಜಗಲಿಯಲ್ಲಿಯೇ ಕುಳಿತು ಬರೆದೆ. ಅವರು ಮೊದಲು ಸಹಿ ಹಾಕಿದರು, ಅಕ್ಕಪಕ್ಕದ ಏಳು ಮನೆಯವರು ಹಾಕಿದರು. ಕೊನೆಯಲ್ಲಿ ಭಾವ ಪೆನ್ನು ಕೇಳಿದರು. "ನೀವು ಈ ಊರಿನವರಲ್ಲವಲ್ಲ?" ಎಂದು ಪಕ್ಕದ ಮನೆಯವರು ವಿಚಾರಿಸಿದಾಗ, ಊರಿನ ಮೇಲ್ಭಾಗದಲ್ಲಿ, ಮಡಿಕೇರಿ ರಸ್ತೆಯ ಕಡೆ ಒಂದು ಮನೆ ನೋಡುತ್ತಿರುವುದಾಗಿ, ಹೊಳೆಗೆ ಬರಲು ತನಗೂ ಈ ಓಣಿಯೇ ಬೇಕಾಗುವುದಾಗಿ ಹೇಳಿ, ಎಂಟನೆಯವರ ಕೆಳಗೆ ತಮ್ಮ ಹೆಸರು ಬರೆದರು.