‘ನಿಮ್ದು ಯಾವೂರ್ರೀ, ಮೇಡಂ?’

ಜಯನಗರದ ಒಂದು ಕೋಣೆ, ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆ. ಎದುರುಬದುರು ಕೂತವರು ತರಬೇತಿಯಲ್ಲಿರುವ ಆಪ್ತಸಮಾಲೋಚಕಿ ಮತ್ತು ರಾಯಚೂರು ಕಡೆಯ ಡೆಲಿವರಿ ಹುಡುಗ. ಆತನ ಒಪ್ಪಿಗೆ ಪಡೆದು, ಮೇಲ್ವಿಚಾರಣೆಗೆಂದು ನಾನು ಮೂಲೆಯಲ್ಲಿದ್ದೆ. (ಗುರುತಿನ ವಿವರ ಬದಲಿಸಿದ್ದೇನೆ.) ಫೈಲ್ ತೆರೆಯುವ ಮೊದಲೇ ಆತ ಕೇಳಿದ: ‘ನಿಮ್ದು ಯಾವೂರ್ರೀ, ಮೇಡಂ?’

‘ಅದು ಯಾಕೆ ಮುಖ್ಯ ಅನ್ನಿಸ್ತು?’ ಎಂದು ತಿರುಗಿ ಕೇಳುವುದು ತರಗತಿಯ ಪಾಠ. ನಮ್ಮಲ್ಲಿ ಅದು ಬಾಗಿಲು ಹಾಕಿದ ಹಾಗೆ. ಊರು ಕೇಳುವುದರಲ್ಲಿ ಜಾತಿ ಕೇಳುವುದೂ ಅಡಗಿರುತ್ತದೆ. ಎದುರಿಗಿರುವವರು ತನ್ನನ್ನು ಹೇಗೆ ಅಳೆಯಬಹುದು ಎಂಬ ಅಂದಾಜು ಆತನಿಗೂ ಬೇಕು. ಒಂದೇ ಸಾಲಿನಲ್ಲಿ ಉತ್ತರ ಕೊಡಬೇಕು. ಆಕೆ ಕೊಟ್ಟರು: ‘ಮೈಸೂರು. ನಿಮ್ ಕಡೆ ಮಾತು ಕೆಲವು ನಂಗೆ ಗೊತ್ತಾಗಲ್ಲ, ಆವಾಗ ಕೇಳ್ತೀನಿ.’ ಹುಡುಗ ಬೆನ್ನು ಒರಗಿಸಿ ಕೂತ.

ಮುಂದೆ ಪಿಎಚ್‌ಕ್ಯೂ-9. ಖಿನ್ನತೆ ಅಳೆಯುವ ಪ್ರಶ್ನಾವಳಿ ಅದು. ಹಿಂದಿನ ಎರಡು ವಾರದ ಬಗ್ಗೆ 9 ಪ್ರಶ್ನೆ, ಒಟ್ಟು 27 ಅಂಕ, ಹೆಚ್ಚು ಬಂದಷ್ಟೂ ಖಿನ್ನತೆ ಹೆಚ್ಚು. ‘ನಿರಾಸಕ್ತಿ’ಯಂಥ ಪುಸ್ತಕದ ಪದಗಳಿಗೆಲ್ಲ ಆತ ‘ಇಲ್ರೀ’ ಅಂದ, ಬಂದದ್ದು 4. ಆದರೆ ಅದೇ ಬಾಯಲ್ಲಿ ‘ಎದಿ ಭಾರ ಆಗ್ತದ್ರಿ, ರಾತ್ರಿ ಹೊಟ್ಟ್ಯಾಗ ಸಂಕಟ’ ಎಂದೂ ಹೇಳಿದ್ದ. ಇಂಥ ಕಡೆಯೇ ಗ್ಯಾಸ್ಟ್ರಿಕ್ ಎಂದು ಸಾಗಹಾಕುವ ತಪ್ಪಾಗುವುದು. ಆತನ ಮಾತಿನಲ್ಲೇ ಮತ್ತೆ ಕೇಳಿದಾಗ 13 ಬಂತು. ಪದ ಬದಲಿಸಿದ ಮೇಲೆ ಅದು ಅಳತೆಯಾಗಿ ಉಳಿಯುವುದಿಲ್ಲ, ಮಾತಿಗೆ ದಾರಿ ಅಷ್ಟೇ. ಹಾಗೆಂದೇ ಟಿಪ್ಪಣಿಯಲ್ಲಿ ಬರೆಯಬೇಕು. ಒಂಬತ್ತನೆಯದು, ಸಾವಿನ ಯೋಚನೆಯ ಪ್ರಶ್ನೆ. ಅದನ್ನು ಮಾತ್ರ ಸುತ್ತಿಬಳಸದೆ ನೇರವಾಗಿ ಕೇಳಬೇಕು.

ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5ರಲ್ಲಿ ಸಾಂಸ್ಕೃತಿಕ ಸಂದರ್ಶನದ 16 ಪ್ರಶ್ನೆಗಳಿವೆ. ಅದರಲ್ಲಿ ನನಗೆ ಅತಿ ಉಪಯುಕ್ತ ಎನ್ನಿಸಿದ್ದು, ಈ ಕಷ್ಟವನ್ನು ಮನೆಯವರಿಗೆ ಹೇಗೆ ಹೇಳುತ್ತೀರಿ ಎಂಬುದು. ‘ಅವ್ವಗ ಹೇಳಂಗಿಲ್ರಿ. ಹರಕಿ ಹೊರತಾಳ’ ಅಂದ. ಸಂಬಳದಲ್ಲಿ ಹೆಚ್ಚಿನ ಪಾಲು ಊರಿಗೇ ಕಳಿಸುತ್ತಾನೆ. ಸಮಾಲೋಚಕಿ ‘ಸ್ವಲ್ಪ ನಿಮಗೂ ಇಟ್ಕೋಬೇಕಲ್ವಾ?’ ಅಂದರು. ಪಗಾರದ ಪುಟ್ಟ ಕುಟುಂಬದಲ್ಲಿ ಬೆಳೆದವರ ಸಲಹೆ ಅದು. ಆತನಿಗೆ ಕಳಿಸುವುದೇ ಮರ್ಯಾದೆ.

ನಿಜವಾದ ನೋವು ಆಮೇಲೆ ಬಂತು. ಬಾಡಿಗೆ ಮನೆ ನೋಡಲು ಹೋದಾಗ ಮಾಲೀಕರು ‘ಯಾವ ಜನ?’ ಎಂದು ಕೇಳಿ, ಉತ್ತರ ಕೇಳಿದ ಮೇಲೆ ಮನೆ ಖಾಲಿ ಇಲ್ಲ ಅಂದರಂತೆ. ‘ಬೆಂಗಳೂರಲ್ಲಿ ಎಲ್ರಿಗೂ ಮನೆ ಸಿಗೋದು ಕಷ್ಟ’ ಎಂದು ಸಮಾಧಾನ ಹೇಳಿದರು ನಮ್ಮ ಸಮಾಲೋಚಕಿ. ಹುಡುಗನ ಉತ್ತರಗಳು ‘ಹ್ಞೂಂರಿ’ಗೆ ಇಳಿದವು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಸೇವೆಯಲ್ಲಿ ಜಾತಿ, ಸಂಸ್ಕೃತಿಯ ಭೇದ ಕೂಡದು ಎನ್ನುತ್ತದೆ. ಮೃದುವಾದ ದನಿಯಲ್ಲಿ ಹೀಗೆ ಜಾರಿಕೊಳ್ಳುವುದು ಯಾವ ಕಾಯ್ದೆಗೂ ಸಿಗುವುದಿಲ್ಲ. ಜಾತಿಯ ಪೆಟ್ಟು ತಿನ್ನದವರಿಗೆ ಅದು ಬಾಡಿಗೆ ಸಮಸ್ಯೆಯಾಗಿ ಕಾಣುತ್ತದೆ. ಹಾಗೆಂದು ಅದೇ ಜಾತಿಯ ಸಮಾಲೋಚಕರನ್ನು ಹುಡುಕಿದರೆ ಸಾಲದು. ಸುದ್ದಿ ಊರಿಗೆ ಮುಟ್ಟುವ ಭಯ ಅಲ್ಲಿರುತ್ತದೆ.

ದನಿ ಇಳಿದದ್ದು ಆಕೆಗೂ ತಿಳಿಯಿತು. ಪೆನ್ ಕೆಳಗಿಟ್ಟು, ‘ಜಾತಿ ಕೇಳಿ ಮನೆ ಕೊಡ್ಲಿಲ್ಲ ಅಂದ್ರಿ. ನಾನು ಅದನ್ನ ಬರೀ ಮನೆ ವಿಷಯ ಮಾಡ್ಬಿಟ್ಟೆ, ತಪ್ಪಾಯ್ತು. ಮತ್ತೆ ಹೇಳ್ತೀರಾ?’ ಅಂದರು. ವಿವರಣೆ ಬೆಳೆಸಲಿಲ್ಲ, ಬೆಳೆಸಿದ್ದರೆ ಆಕೆಯನ್ನು ಸಮಾಧಾನ ಮಾಡುವ ಕೆಲಸವೂ ಆತನ ತಲೆಗೇ ಬರುತ್ತಿತ್ತು. ಆತ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಆ ಮನೆಯ ಗೇಟಿನಿಂದ ಶುರು ಮಾಡಿದ.

ಹೊರಡುವಾಗ ಬಾಗಿಲ ಬಳಿ ನಿಂತು ಕೇಳಿದ: ‘ಮುಂದಿನ ವಾರ ಮಂಗಳವಾರ ಆಗಂಗಿಲ್ರಿ. ಬುಧವಾರ ಬರ್ಲ್ಯಾ?’